ಅಡ್ಡಿ ಇಲ್ಲ ಅಂದ ದ್ವೀಪ

ಸಮುದ್ರವನ್ನು ನಾನು ಸರಿಯಾಗಿ ನೋಡಿದವಳಲ್ಲ. ಕಾಲೇಜಿನ ಪ್ರವಾಸದಲ್ಲಿ ಒಮ್ಮೆ, ಅದೂ ಅರ್ಧ ದಿನ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನೋಡಿದ್ದು. ಹುಟ್ಟಿದ್ದು ಮಂಡ್ಯದ ಕಡೆ, ಮದುವೆಯಾಗಿ ಬಂದದ್ದು ಇಳಕಲ್ಲಿಗೆ. ಆದರೂ ಬರೆಯಲು ಕುಳಿತರೆ ದ್ವೀಪವೇ ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಆಕಾಶಕ್ಕೆ ಎರಡು ಚಂದ್ರ. ತೆಂಗಿಗಿಂತ ಎತ್ತರದ ಒಂದು ಜಾತಿಯ ಮರ, ಬಾಯಿಬಿಟ್ಟು ಕೇಳಿದರೆ ಮಾತ್ರ ಹಣ್ಣು ಉದುರಿಸುತ್ತದೆ. ಮಳೆ ಬರುವ ಮೊದಲು ಅಲ್ಲಿನ ಕಲ್ಲುಗಳು ಬೆವರುತ್ತವೆ. ಅಂಥ ಜಾಗಕ್ಕೆ ಒಂದು ಬೆಳಿಗ್ಗೆ ದೂರದೇಶದ ಹಡಗೊಂದು ಬಂದು ನಿಲ್ಲುತ್ತದೆ. ಇಳಿದವರು ನೀರು ಕೇಳುತ್ತಾರೆ, ಆಮೇಲೆ ನೆರಳು ಕೇಳುತ್ತಾರೆ, ಆಮೇಲೆ ಹೋಗುವುದೇ ಇಲ್ಲ. ಇಷ್ಟೇ ನನ್ನ ಕಾದಂಬರಿ.

ಬರೆಯಲು ಜಾಗ ಇರಲಿಲ್ಲ ಎಂಬಲ್ಲಿಂದ ಎಲ್ಲ ಶುರುವಾಯಿತು. ಮನೆಯಲ್ಲಿ ನಾವು ಮೂವರು: ಅತ್ತೆ, ನನ್ನ ಗಂಡ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ನಾನು ಹುನಗುಂದದ ಕಾಲೇಜಿನಲ್ಲಿ ಪಾಠ ಹೇಳಲು ದಿನಾ ಬಸ್ಸು ಹಿಡಿಯುತ್ತಿದ್ದೆ. ಅತ್ತೆ ಸೀರೆ ನೇಯುತ್ತಿದ್ದರು. ಅಡುಗೆಮನೆ ಇಕ್ಕಟ್ಟು, ಮಲಗುವ ಕೋಣೆಗೆ ಕಿಟಕಿಯೇ ಇಲ್ಲ. ಗಾಳಿ, ಬೆಳಕು, ದೊಡ್ಡ ಕಿಟಕಿ ಎಲ್ಲವೂ ಮಗ್ಗದ ಕೋಣೆಗೇ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಹಳೆಯ ಮಗ್ಗ ಅದು. ಮಾವ ಇದ್ದಾಗ ಮಾವ ಕೂರುತ್ತಿದ್ದರಂತೆ, ಅವರ ಹಿಂದೆ ಅತ್ತೆ ಕುಳಿತರು. ಓಣಿಯಲ್ಲಿ ಬಹಳ ಮನೆಗಳಲ್ಲಿ ಕುಣಿ ಮುಚ್ಚಿ ಪವರ್‌ಲೂಮ್ ಬಂದಿತ್ತು, ಇಲ್ಲವೇ ಟಿ.ವಿ. ಮತ್ತು ಸೋಫಾ ಬಂದಿದ್ದವು.

ಅತ್ತೆಗೆ ನನ್ನ ಮಾತು ದೊಡ್ಡ ತಮಾಷೆ. ನಾನು "ಅತ್ತೆ, ತಿಂಡಿಗೆ ಏನು ಮಾಡಲಿ?" ಅಂದರೆ, ಪಕ್ಕದ ಮನೆಯವರನ್ನು ಕರೆದು ಇನ್ನೊಮ್ಮೆ ಅನ್ನಿಸುತ್ತಿದ್ದರು. "ರೇಡಿಯೋದಾಗ ಬರೂ ಭಾಷಾ ನೋಡವಾ ನಮ್ಮ ಸೊಸಿದು. ಬಟನ್ ಒತ್ತೂದಽ ಬ್ಯಾಡ, ತಾನಽ ಮಾತಾಡತೈತಿ." ನಗು ನನಗೂ ಬರುತ್ತಿತ್ತು, ಆದರೆ ಎರಡನೆಯ ಸಲ ಅನ್ನಿಸಿದಾಗ ಸಿಟ್ಟೂ ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತವರಿನಲ್ಲೂ ಹೇಳುತ್ತಾರೆ.

ಮದುವೆಯ ಹೊಸತರಲ್ಲೇ ಒಂದು ದಿನ ನಾನು ಹಾಳೆಯ ಮೇಲೆ ಕೋಣೆಯ ಚಿತ್ರ ಬರೆದೆ. ಕಿಟಕಿಯ ಕೆಳಗೆ ಮೇಜು, ಗೋಡೆಗೆ ಪುಸ್ತಕದ ಕಪಾಟು, ಕುಣಿ ಮುಚ್ಚಿ ನೆಲಕ್ಕೆ ನುಣ್ಣನೆಯ ಗ್ರಾನೈಟು. ಚೂರುಪಾರು ಕಲ್ಲು ಗಂಡನ ಕಾರ್ಖಾನೆಯಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಚಿತ್ರ ಬೋಳಾಗಿ ಕಂಡಿತೆಂದು ನೆಲದ ಮೇಲೆ ಒಂದು ಹೂವಿನ ಕುಂಡವನ್ನೂ ಇಟ್ಟೆ. ಅದನ್ನು ತೆಗೆದುಕೊಂಡು ಹೋಗಿ, "ಅತ್ತೆ, ಈ ಕೋಣೆಯನ್ನು ಹೀಗೆ ಮಾಡಿಸಿದರೆ ಹೇಗೆ?" ಎಂದು ಕೇಳಿದೆ. ಅತ್ತೆ ಲಾಳಿ ಬದಿಗಿಟ್ಟು, ಚಾಳೀಸು ಏರಿಸಿ ಬಹಳ ಹೊತ್ತು ನೋಡಿದರು. ಹಾಳೆಯನ್ನು ಹೊರಳಿಸಿ ಹಿಂದೆ ಏನಿದೆ ಎಂದೂ ನೋಡಿದರು.

"ಅಡ್ಡಿ ಇಲ್ಲ," ಅಂದರು.

ನನಗೆ ಸ್ವರ್ಗ ಮೂರೇ ಗೇಣು. ಸಂಜೆ ಗಂಡ ಬಂದ ಕೂಡಲೇ ಹೇಳಿದೆ, ಅತ್ತೆ ಒಪ್ಪಿದರು ಎಂದು. "ಖರೇನ?" ಅಂದ. "ನಾನೇನು ಸುಳ್ಳು ಹೇಳುತ್ತೇನಾ? ಅಡ್ಡಿ ಇಲ್ಲ ಅಂತ ಅವರೇ ಹೇಳಿದರು," ಅಂದೆ. ಅವನು ಕಿವಿ ಕೆರೆದುಕೊಂಡು ಸುಮ್ಮನಾದ. ತಾಯಿಯನ್ನು ಮತ್ತೆ ಕೇಳಿದರೆ ಹೆಂಡತಿಯ ಮಾತು ನಂಬಲಿಲ್ಲ ಎಂದಾಗುತ್ತದೆ, ಕೇಳದಿದ್ದರೆ ಮನೆಯ ಮಗ್ಗ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕವನು ಸುಮ್ಮನಿರುವುದನ್ನೇ ಜಾಣತನ ಅಂದುಕೊಳ್ಳುತ್ತಾನೆ.

ಗಾರೆ ಕೆಲಸದ ಗೌಂಡಿಗೆ ಹೇಳಿದವಳೂ ನಾನೇ. ಅವರು ಅದೇ ಓಣಿಯ ವಯಸ್ಸಾದ ಮುಸಲ್ಮಾನರು, ಮಾವನ ಗೆಳೆಯರಾಗಿದ್ದವರು, ಅತ್ತೆಯನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಕುಣಿ ತುಂಬಲು ಒಂದು ಟ್ರ್ಯಾಕ್ಟರ್ ಗರಸು ಮಣ್ಣು ತರಿಸಿ ಬಾಗಿಲ ಮುಂದೆ ಸುರುವಿಸಿದರು. ಒಳಗೆ ಬಂದರೆ ಅತ್ತೆ ಎಂದಿನಂತೆ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದಾರೆ. ಮಗ್ಗದ ಮೇಲೆ ಅರ್ಧ ಸೀರೆ.

"ವೈನಿ, ಮಗ್ಗ ಬಿಚ್ಚಿ ಎಲ್ಲಿ ಇಡಸೂಣ್ರಿ?" ಅಂದರು ಗೌಂಡಿ.

"ಯಾಕ ಬಿಚ್ಚಬೇಕು?"

"ಕುಣಿ ಮುಚ್ಚೂದೈತಿ ಅಂತ ಅಕ್ಕೋರು ಹೇಳ್ಯಾರಲ್ರಿ."

ಅತ್ತೆ ನನ್ನ ಮುಖ ನೋಡಿದರು. "ಅತ್ತೆ, ಚಿತ್ರ ತೋರಿಸಿದಾಗ ನೀವೇ ಅಡ್ಡಿ ಇಲ್ಲ ಅಂದಿರಲ್ಲ," ಅಂದೆ.

"ಹೌದವಾ, ಅಂದಿದ್ನಿ. ಚಿತ್ರಕ್ಕ ಅಂದಿದ್ನಿ," ಅಂದರು ಅತ್ತೆ, ಸ್ವಲ್ಪವೂ ಗಲಿಬಿಲಿಯಿಲ್ಲದೆ. "ಚೊಲೋ ತಗದಿದ್ದಿ. ಹೂವಿನ ಕುಂಡ ಅಂತೂ ಖರೇನಽ ಅಡ್ಡಿ ಇರಲಿಲ್ಲ."

ಗೌಂಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಕಡಿ ಭಾಷಾ, ಈ ಕಡಿ ಭಾಷಾ, ನಡುವ ನನ್ನ ಟ್ರ್ಯಾಕ್ಟರ್," ಅಂದರು. ಅತ್ತೆ ಕುಣಿಯಿಂದೆದ್ದು ಅವರಿಗೆ ಚಹಾ ಮಾಡಿಕೊಟ್ಟರು. ಗರಸು ಬಾಗಿಲ ಮುಂದೆಯೇ ಉಳಿಯಿತು. ಮಳೆಗಾಲದಲ್ಲಿ ಅಂಗಳದ ಕೆಸರಿಗೆ ಉಪಯೋಗವಾಯಿತು.

ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ, ಓಣಿಗೆಲ್ಲ ಕೇಳುವ ಹಾಗೆ. ಗಂಡ ಬಾಗಿಲಲ್ಲಿ ನಿಂತು, "ನಮ್ಮ ಕಡಿ ಅಡ್ಡಿ ಇಲ್ಲ ಅಂದ್ರ ಚೊಲೋ ಐತಿ ಅಂತನೂ ಆಗತೈತಿ," ಎಂದು ಬಿಡಿಸಿ ಹೇಳಿದ. ಹಾಗಾದರೆ ಮೊದಲ ದಿನ ನನ್ನ ಸಾರು ಉಂಡು ಅತ್ತೆ ಅಡ್ಡಿ ಇಲ್ಲ ಅಂದದ್ದು ಹೊಗಳಿಕೆ! ನಾನು ಅದನ್ನು, ಬಡಿಸು, ಹೇಗೋ ಉಣ್ಣುತ್ತೇನೆ ಎಂದು ಅರ್ಥ ಮಾಡಿಕೊಂಡು ರಾತ್ರಿಯಿಡೀ ಕೊರಗಿದ್ದೆ. ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಈ ಮನೆಯಲ್ಲಿ ನಾನು ಏನು ಕೇಳಬಹುದು, ಏನು ಕೇಳಬಾರದು ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಮರುದಿನ ಅತ್ತೆಯೇ ಮಗ್ಗದ ಕೋಣೆಯ ಕಿಟಕಿಯ ಬಳಿ ತಮ್ಮ ಟ್ರಂಕು ಎಳೆದು, ಮೇಲೆ ಹಲಗೆ ಇಟ್ಟರು. "ಇಲ್ಲಿ ಕುಂದ್ರು. ನಿನ್ನ ಬರಿಯೂದು ನೀ ಬರಿ, ನನ್ನ ನೇಯೂದು ನಾ ನೇಯ್ತೇನಿ." ಅಲ್ಲಿಂದ ಮುಂದೆ ನನ್ನ ದ್ವೀಪವೆಲ್ಲ ಲಾಳಿಯ ಸಪ್ಪಳದಲ್ಲೇ ಬೆಳೆಯಿತು. ರಜೆಯ ದಿನ ಬರೆದದ್ದನ್ನು ಓದಿ ಹೇಳುತ್ತಿದ್ದೆ. ಅತ್ತೆ ಹಡಗಿನವರ ಸುದ್ದಿಯನ್ನು ಹಿಂದಿನ ಓಣಿಗೆ ಬಾಡಿಗೆಗೆ ಬಂದವರ ಸುದ್ದಿಯಂತೆ ವಿಚಾರಿಸುತ್ತಿದ್ದರು. ಅವರು ಜಳಕ ಎಲ್ಲಿ ಮಾಡುತ್ತಾರೆ? ಅಡುಗೆ ಯಾರದು? ಮರ ಮಾತಾಡಿಸಿದರೆ ಹಣ್ಣು ಕೊಡುತ್ತದೆ ಸರಿ, ಇವರ ಭಾಷೆ ಮರಕ್ಕೆ ತಿಳಿಯುತ್ತದೆಯೇ? ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಮೇಲೆ ಹಡಗಿನವರು ಹಣ್ಣಿಗಾಗಿ ಕೊಡಲಿ ಎತ್ತುವ ಭಾಗ ಅಲ್ಲಿಂದಲೇ ಬಂತು.

ಒಂದು ದಿನ, "ಹಡಗಿನ್ಯಾಗ ಹೆಣ್ಣಮಕ್ಕಳು ಅದಾರೇನ?" ಎಂದು ಕೇಳಿದರು. ಇಲ್ಲ ಅಂದೆ.

"ಹಂಗಾರ ಅವರು ಇರಾಕ ಬಂದಿಲ್ಲ, ಕಸಗೊಂಡು ಹೋಗಾಕ ಬಂದಾರ. ಒಬ್ಬಾಕಿನ್ನರ ಇಳಸು."

ಒಬ್ಬ ಹುಡುಗಿಯನ್ನು ಇಳಿಸಿದೆ. ಅವಳು ಹಡಗಿನ ಯಜಮಾನನ ಮಗಳು, ಸ್ವಲ್ಪ ಸಿಡುಕಿ. ದ್ವೀಪದ ಒಬ್ಬ ಮುದುಕಿಯ ಗುಡಿಸಲಿನಲ್ಲಿ ಇರತೊಡಗಿದಳು. ಅತ್ತೆಗೆ ಅವಳ ಮೇಲೆ ಬಹಳ ಅಕ್ಕರೆ ಹುಟ್ಟಿತು, ಏಕೆ ಎಂದು ಗೊತ್ತಿಲ್ಲದವಳಂತೆ ನಟಿಸಿದೆ.

ಒಂದೇ ಒಂದು ಅಧ್ಯಾಯವನ್ನು ಮಾತ್ರ ಅತ್ತೆಗೆ ಓದಿ ಹೇಳಿರಲಿಲ್ಲ. ಹಡಗಿನವರು ತೊಗಲಿನ ಮೇಲೆ ದ್ವೀಪದ ಚಿತ್ರ ಬರೆದು ತಂದು ಹಾಸುತ್ತಾರೆ. ಅದರಲ್ಲಿ ಬಂದರು ಇದೆ, ಕೋಟೆ ಇದೆ, ದ್ವೀಪದವರ ಗುಡಿಸಲುಗಳಿಲ್ಲ. ಹೇಗಿದೆ ಎಂದು ಕೇಳಿದಾಗ ಮುದುಕಿ ತನ್ನ ಭಾಷೆಯಲ್ಲಿ, ಚೆನ್ನಾಗಿದೆ, ಅನ್ನುತ್ತಾಳೆ. ಆ ಮಾತಿಗೆ ಒಪ್ಪಿಗೆ ಎಂಬ ಅರ್ಥವೂ ಇದೆ. ಹಡಗಿನವರು ಅದೇ ಸಂಜೆ ಗೂಟ ಬಡಿಯುತ್ತಾರೆ. ನಮ್ಮ ಗರಸಿನ ಕಥೆಯನ್ನು ಹೀಗೆ ಸಮುದ್ರ ದಾಟಿಸಿದ್ದಕ್ಕೆ ನನಗೆ ಹೆಮ್ಮೆಯಿತ್ತು. ಕಾಲೇಜಿನಲ್ಲಿ ಓದಿದಾಗ ಜೊತೆಯವರೆಲ್ಲ ಮೆಚ್ಚಿ ನಕ್ಕಿದ್ದರು. ಅತ್ತೆಗೆ ಓದಿ ಹೇಳಲು ಮಾತ್ರ ಸಂಕೋಚವಾಗಿ, ಮುಂದೂಡುತ್ತ ವರ್ಷಗಳೇ ಹೋದವು.

ಕಡೆಗೆ ಹೋದ ಬೇಸಿಗೆಯಲ್ಲಿ ಓದಿದೆ. ಅತ್ತೆ ಸೀರೆಯ ಒಡಲು ಮುಗಿಸಿ, ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿದ್ದರು. ಕೊಂಡಿ ಹಾಕುವಾಗ ಅವರನ್ನು ಯಾರೂ ಮಾತಾಡಿಸುವಂತಿಲ್ಲ, ಒಂದು ಎಳೆ ತಪ್ಪಿದರೆ ಸೆರಗೇ ಕೈಬಿಡುತ್ತದೆ. ಅದು ಮುಗಿದ ಮೇಲೆ ಮನಸ್ಸು ಹಗುರವಾಗಿರುತ್ತದೆ ಎಂದು ಕಾದು ಓದಿದೆ. ಕೇಳುತ್ತ ಕೇಳುತ್ತ ಅತ್ತೆ ಲಾಳಿ ನಿಲ್ಲಿಸಿದರು.

"ಆ ಮುದುಕಿಗೆ ಚಿತ್ರ ತಿಳೀಲಿಲ್ಲಂತ ಬರದಿಯೇನ?"

"ಹೌದು. ಅವಳು ಚಿತ್ರಕ್ಕೆ ಅಂದದ್ದು."

"ಅಷ್ಟು ದಡ್ಡಿ ಏನ ಆಕಿ? ತಮ್ಮ ಊರ ಚಿತ್ರದಾಗ ತಮ್ಮ ಮನಿ ಇಲ್ಲಂದ್ರ ಯಾರಿಗೆ ತಿಳಿಯಂಗಿಲ್ಲ?"

ನಾನು ಹಾಳೆ ಮಡಚಿದೆ.

"ನಿನ್ನ ಚಿತ್ರದಾಗ ಕುಣಿ ಇದ್ದಲ್ಲಿ ಹೂವಿನ ಕುಂಡ ಇತ್ತು," ಅಂದರು ಅತ್ತೆ. "ನೋಡಿದ ಕೂಡ್ಲೆ ತಿಳೀತು ನನಗ."

"ಮತ್ತೆ ಅಡ್ಡಿ ಇಲ್ಲ ಅಂತ ಯಾಕಂದಿರಿ?"

"ಬಂದಾಕಿ ಮೊದಲ ಸಲ ಒಂದು ಕೇಳಿದ್ದಿ. ಮನಿಗೆ ಬಂದವರಿಗೆ ಒಲ್ಲೆ ಅಂತ ಹೆಂಗ ಅನ್ನೂದು? ಮನಿಯವರಿಗೆ ಅನಬಹುದು. ಇರಲಿ, ತಾನಽ ತಿಳಕೊಂತಾಳ ಅಂತ ಮಾಡಿದ್ನಿ. ನೀ ಟ್ರ್ಯಾಕ್ಟರಽ ತರಿಸಿದಿ."

"ಗೌಂಡಿಯವರ ಮುಂದೆ ಚಿತ್ರಕ್ಕೆ ಅಂದೆ ಅಂದಿರಲ್ಲ?"

"ಮತ್ತೇನಂತ ಅನ್ಲಿ? ಅಂದಿಲ್ಲ ಅಂದ್ರ ನೀ ಸುಳ್ಳಾಡಿದಾಕಿ ಆಗ್ತಿದ್ದಿ. ಅಂದೀನಿ, ಈಗ ಒಲ್ಲೆ ಅಂದ್ರ ನಾ ಮಾತಿಗೆ ತಪ್ಪಿದಾಕಿ. ಚಿತ್ರಕ್ಕ ಅಂದ್ರ ಇಬ್ಬರೂ ಉಳದ್ವಿ."

ಇದು ಗಂಡನಿಗೂ ಅವತ್ತೇ ಗೊತ್ತಾಗಿತ್ತಂತೆ. ಬಾಗಿಲಲ್ಲಿ ನಿಂತು ಪದದ ಅರ್ಥ ಬಿಡಿಸಿ ಹೇಳಿದವನು! ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಎಲ್ಲರೂ ಸೇರಿ ನನ್ನನ್ನು ಮಗುವಿನಂತೆ ನಡೆಸಿಕೊಂಡರಲ್ಲ ಎಂದು. ಆಮೇಲೆ ಬಂದದ್ದಕ್ಕೆ ಹೆಸರು ಹುಡುಕಲಿಲ್ಲ, ಕಣ್ಣು ತುಂಬಿತು, ಅಷ್ಟೆ. ಆ ಒಂದು ಬೆಳಿಗ್ಗೆ ಅವರ ಮಗ್ಗವೇ ಹೋಗುವುದರಲ್ಲಿತ್ತು. ಅವರು ಅದರ ಜೊತೆಗೆ ನನ್ನ ಮಾನವನ್ನೂ ಉಳಿಸಿದ್ದರು.

"ಅಳಬ್ಯಾಡ, ಹಾಳಿ ತೊಯ್ತಾವ," ಅಂದರು ಅತ್ತೆ. ಲಾಳಿಯನ್ನು ಕೈಗೆತ್ತಿಕೊಂಡು, "ಈಗ ಕೇಳು," ಅಂದರು.

"ಏನು ಕೇಳಲಿ?"

"ಕುಣಿ ಮುಚ್ಚಸ್ಲೇನು ಅಂತ ಕೇಳು."

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದೆ, ಅವರ ಮಾತಿನಲ್ಲೇ. "ಅತ್ತಿ, ಕುಣಿ ಮುಚ್ಚಸ್ಲೇನ್ರಿ?"

"ಒಲ್ಲೆ," ಅಂದರು ಅತ್ತೆ. ಲಾಳಿ ಮತ್ತೆ ಓಡತೊಡಗಿತು. ನಾನು ಚಹಾಕ್ಕೆ ಇಡಲು ಎದ್ದೆ.