ಎಕ್ಸಿಮಾ ಇಲ್ಲದ ಬೀದಿ

ದೇಶದಲ್ಲಿ ಎಷ್ಟು ಜನಕ್ಕೆ ಎಕ್ಸಿಮಾ ಇದೆ ಅಂತ ಲೆಕ್ಕ ಹಾಕೋ ಸರ್ವೆಗೆ ನಾನು ಕಾಮಾಕ್ಷಿಪಾಳ್ಯದಲ್ಲಿ ಟ್ಯಾಬ್ ಹಿಡಿದು ಮನೆಮನೆ ಸುತ್ತುತ್ತಿದ್ದೆ. ಗಾರ್ಮೆಂಟ್ಸ್‌ಗೆ ಹೋಗೋ ಆಂಟಿಯೊಬ್ಬರು ಬಾಗಿಲಿಗೆ ಬಂದರು. ಅವರ ಮುಂಗೈ ಚರ್ಮ ಕಪ್ಪಾಗಿ, ಬಿರುಕು ಬಿಟ್ಟು, ನೀರು ಸೋರುತ್ತಿತ್ತು.

“ಆಂಟಿ, ನಿಮಗೆ ಎಕ್ಸಿಮಾ ಇದೆಯಾ?”

“ಅಯ್ಯೋ, ಅಂಥದ್ದೆಲ್ಲ ನಮಗಿಲ್ಲಪ್ಪ,” ಅಂದರು ಕೆರೆದುಕೊಳ್ಳುತ್ತಾ.

“ಮತ್ತೆ ಕೈಗೇನಾಗಿದೆ?”

“ಇದಾ? ಇಸುಬು. ಮಗಳಿಗೂ ಇದೆ, ಪಕ್ಕದ ಮನೆಯವರಿಗೂ ಇದೆ.”

ಎಕ್ಸಿಮಾ, ಇಸುಬು ಎರಡೂ ಒಂದೇ ಕಾಯಿಲೆ! ಅಲ್ಲೇ ನಿಂತು ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. “ಸಾರ್, ಇನ್ಮೇಲೆ ಇಸುಬು ಇದೆಯಾ ಅಂತ ಕೇಳ್ತೀನಿ.”

“ಪ್ರಶ್ನೆ ಬದಲಾಯಿಸೋ ಹಾಗಿಲ್ಲ ಕಣ್ರೀ. ಅವರು ಇಲ್ಲ ಅಂದ್ರೆ ಇಲ್ಲ ಅಂತ ಒತ್ತಿ.”

“ಕನ್ನಡದಲ್ಲಿ ಕೇಳಬಾರದಾ ಸಾರ್?”

“ಕನ್ನಡದಲ್ಲೇ ಇದೆಯಲ್ರೀ! ಎಕ್ಸಿಮಾ ಅಂತ ಕನ್ನಡ ಅಕ್ಷರದಲ್ಲೇ ಬರೆದಿಲ್ವಾ?”

ಮೈ ಉರಿದುಹೋಯ್ತು. ಕೈಲಿದ್ದ ಟ್ಯಾಬ್ ತೆಗೆದು ಮೋರಿಗೆ ಎಸೆಯೋಣ ಅನ್ನಿಸಿತು. ಸಂಜೆವರೆಗೂ ಆ ಬೀದಿ ಕೆರೆದುಕೊಳ್ಳುತ್ತಲೇ ‘ಇಲ್ಲ’ ಅಂದಿತು, ನಾನು ಹಲ್ಲು ಕಚ್ಚಿಕೊಂಡು ‘ಇಲ್ಲ’ ಒತ್ತಿದೆ.

ನಾಳೆ ಯಾರಾದರೂ ನಮ್ಮ ದೇಶದಲ್ಲಿ ಎಕ್ಸಿಮಾ ಬಹಳ ಕಡಿಮೆ ಅಂದರೆ ಧಾರಾಳವಾಗಿ ನಂಬಿ. ನಮ್ಮಲ್ಲಿರೋದೆಲ್ಲ ಇಸುಬು.