ಉಡಿ ತುಂಬಿದರು, ಕೀಲಿ ಕೊಡಲಿಲ್ಲ

ಸುಲ್ತಾನ್ ಬಜಾರಿನಲ್ಲಿ ಕುಪ್ಪಸದ ಖಣದ ಅಂಗಡಿ ಕಂಡರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಪಾಪ, ಖಣದ ತಪ್ಪೇನೂ ಇಲ್ಲ. ಹಸಿರು ಅಂಚಿನ ಚೆಂದದ ಖಣವೊಂದನ್ನು ನನ್ನ ಉಡಿಗೆ ಹಾಕಿ, ತೆಂಗಿನಕಾಯಿ, ಅಕ್ಕಿ, ಅರಿಶಿನ ಕೊಂಬು ತುಂಬಿ, ನನ್ನನ್ನು ಒಂದು ಮುಕ್ತ ತಂತ್ರಾಂಶದ ನಿರ್ವಾಹಕಿ ಮಾಡಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಆಗ ಗಚ್ಚಿಬೌಲಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಂಥದ್ದೊಂದರಲ್ಲಿ ಕೂತು ನಾನು ಹಗಲೆಲ್ಲ ಯಾವುದೋ ದೇಶದ ವಿಮೆ ಕಂಪನಿಗೆ ಕೋಡ್ ಬರೆಯುತ್ತಿದ್ದೆ. ಮನೆಯಲ್ಲಿ ಮೌಶಿ ಇದ್ದಳು, ನನ್ನ ತಾಯಿಯ ಅಕ್ಕ. ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತಳಾದ ಮೇಲೆ ಅವಳ ಕಣ್ಣು ಹೋಗಿತ್ತು. ಓದುವ ಹುಚ್ಚು ಮಾತ್ರ ಹೋಗಿರಲಿಲ್ಲ. ಅವಳಿಗೆಂದು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದೆ. ಅದನ್ನು ಕಟ್ಟಿದವರು ನಮ್ಮ ಧಾರವಾಡದ ಕಡೆಯವರೇ, ನಾಚಾರಂನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಒಬ್ಬ ಹಿರಿಯರು. ಬಿಡುವಿನಲ್ಲಿ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದರು. ಅದು ಸಣ್ಣ ಕೆಲಸವಲ್ಲ, ಈ ಮಾತನ್ನು ಸಿಟ್ಟಿನಲ್ಲೂ ಹೇಳುತ್ತೇನೆ.

ಆದರೆ ಅದಕ್ಕೊಂದು ಕಾಯಿಲೆ ಇತ್ತು. ಪುಟ ಉದ್ದವಾದರೆ ನಡುವೆ ಬಾಯಿ ಕಟ್ಟಿಹೋಗಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ಮೌಶಿ ಯಾವ ಕಥೆಯನ್ನೂ ಅರ್ಧಕ್ಕಿಂತ ಮುಂದೆ ಕೇಳಿದವಳಲ್ಲ. "ಮುಂದಿಂದು ನಾನಽ ಕಟ್ಕೋತೀನಿ ಬಿಡವಾ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಕೋಡ್ ಎಲ್ಲರಿಗೂ ತೆರೆದಿತ್ತು. ಕೂತು ಹುಡುಕಿ, ತಪ್ಪು ತಿದ್ದಿ, ಹಿರಿಯರಿಗೆ ಕಳಿಸಿದೆ. ಜೊತೆಗೆ ಇನ್ನೂ ನಾಲ್ಕಾರು ಸಣ್ಣಪುಟ್ಟ ರಿಪೇರಿ ಮಾಡಿಕೊಟ್ಟೆ. ಹೊಸ ಆವೃತ್ತಿ ಇಂದೋ ನಾಳೆಯೋ ಬಂದೀತು, ಮೌಶಿಗೆ ಅದನ್ನೇ ಹಾಕಿದರಾಯಿತು ಎಂದುಕೊಂಡೆ.

ಅವರು ಖುಷಿಯಾಗಿ ಊಟಕ್ಕೆ ಕರೆದರು. ಅದು ಅವರ ಪದ್ಧತಿ. ತಂತ್ರಾಂಶವನ್ನು ನೋಡಿಕೊಳ್ಳುವ ಹೊಸ ನಿರ್ವಾಹಕರನ್ನು ಮನೆಗೆ ಕರೆದೇ, ಕೋಡ್ ಬರೆಯುವವರು ಬಳಸುವವರೆಲ್ಲ ಇದ್ದ ಬಳಗಕ್ಕೆ ಸೇರಿಸಿಕೊಳ್ಳುವುದು. ಗಂಡಸರಿಗೆ ಶಾಲು, ಹೆಂಗಸರಿಗೆ ಉಡಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಆದಮೇಲೆ ಅವರ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಹಿರಿಯರು ಅಲ್ಲೇ ಕೂತು ಬಳಗಕ್ಕೆಲ್ಲ ಮೇಲ್ ಬರೆದರು: ಇಂದಿನಿಂದ ಇವರೂ ನಿರ್ವಾಹಕಿ, ಏನೇ ತೊಂದರೆ ಇದ್ದರೂ ಇವರಿಗೆ ತಿಳಿಸಿ. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ.

ಮರುದಿನದಿಂದ ಬೈಗುಳ ಶುರುವಾಯಿತು. "ಅರ್ಧಕ್ಕೇ ನಿಲ್ಲುತ್ತದೆ, ನೀವು ಅಲ್ಲಿ ಮಾಡುತ್ತಿರುವುದೇನು?" ಎಂದು ಕಲಬುರಗಿಯ ಕಣ್ಣು ಕಾಣದ ಮಾಸ್ತರರೊಬ್ಬರು ಬರೆದರು. ಏನು ಮಾಡಲಿ? ತಿದ್ದುಪಡಿ ಸಿದ್ಧವಾಗಿಯೇ ಇತ್ತು. ಅದನ್ನು ಮೂಲ ಕೋಡಿಗೆ ಸೇರಿಸಿ ಹೊಸ ಆವೃತ್ತಿ ಹೊರಬಿಡಲು ಒಂದು ಪಾಸ್‌ವರ್ಡ್ ಬೇಕು, ಬಳಗದವರು ಅದಕ್ಕೆ ಕೀಲಿ ಎನ್ನುತ್ತಿದ್ದರು. ಆ ಕೀಲಿ ಹಿರಿಯರ ಬಳಿ ಮಾತ್ರ ಇತ್ತು. ಹಿಂದೆ ಶಾಲು ಹೊದ್ದವರಿಗೂ ಕೊಟ್ಟಿರಲಿಲ್ಲವಂತೆ. ಅವರೆಲ್ಲ ಸದ್ದಿಲ್ಲದೆ ಜಾಗ ಖಾಲಿ ಮಾಡಿದ್ದರು.

ಫೋನ್ ಮಾಡಿದೆ. "ನೋಡೋಣ್ರಿ, ಪುರಸತ್ತು ಸಿಕ್ಕಾಗ." ಮತ್ತೆ ಮಾಡಿದೆ. "ಮಗಳ ಲಗ್ನದ ಗಡಿಬಿಡ್ಯಾಗ ಅದೀನ್ರಿ." ದಸರಾ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಬಂತು. ಕೊನೆಗೆ ಅವರ ಮನೆಗೇ ಹೋದೆ.

"ಕೀಲಿ ನನಗೂ ಒಂದು ಕೊಡ್ರಿ ಸರ್. ನಿಮಗ ಪುರಸತ್ತಿಲ್ಲ, ಮಂದಿ ನನಗ ಬೈಯಾಕತ್ತಾರ."

"ನೀವು ಮನಿ ಮಗಳಿದ್ದಂಗ್ರಿ. ನಮ್ಮ ನಿಮ್ಮ ನಡುವ ಕೀಲಿ ಯಾಕ? ಹೊಸಬರು ಕೈ ಹಚ್ಚಿದ್ರ ಏನರ ಕೆಡತೈತಿ ಅಂತ ಹೆದರಿಕಿ, ಅಷ್ಟಽ."

"ಈಗ ಕೆಟ್ಟಽ ಐತಲ್ರಿ!"

ಅವರು ಒಳಗೆ ತಿರುಗಿ ಚಹಾ ತರಲು ಹೇಳಿದರು. ಆ ಚಹಾ ಕುಡಿಯದೆ ಎದ್ದು ಬಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳು ಎಂದು ಕರೆದು ಬಾಯಿ ಮುಚ್ಚಿಸಿದ್ದನ್ನು ನುಂಗಲಾಗಲಿಲ್ಲ. ಬೈಸಿಕೊಳ್ಳಲು ನಾನು, ಬೀಗ ತೆಗೆಯಲು ಅವರು! ಇದಕ್ಕೆ ಬಳಗ ಎನ್ನುವ ಹೆಸರು ಬೇರೆ.

ಮುಕ್ತ ತಂತ್ರಾಂಶದಲ್ಲಿ ಒಂದು ಸೌಕರ್ಯವಿದೆ. ಇಡೀ ಕೋಡನ್ನು ಯಾರು ಬೇಕಾದರೂ ನಕಲು ತೆಗೆದು, ಮೂಲದವರ ಹೆಸರು ಉಳಿಸಿಕೊಂಡು, ತಮ್ಮ ದಾರಿಯಲ್ಲಿ ಬೆಳೆಸಬಹುದು. ಅದೇ ವಾರ ನಾನು ಬೇರೆ ಒಲೆ ಹೂಡಿದೆ. ಮನೆ ಒಡೆದವಳು ಎಂದು ಹಿರಿಯರು ಬಳಗಕ್ಕೆಲ್ಲ ಬರೆದರು. ಬರೆಯಲಿ. ತಿದ್ದಿದ ಆವೃತ್ತಿಯನ್ನು ದೂರು ಕೊಟ್ಟವರಿಗೆಲ್ಲ ಕಳಿಸಿದೆ, ಮೌಶಿಯ ಕಂಪ್ಯೂಟರಿಗೂ ಹಾಕಿದೆ.

ಕೈಜೋಡಿಸಲು ಬಂದವಳು ಮೈಸೂರಿನ ಹುಡುಗಿ, ಪಕ್ಕದ ಕಂಪನಿಯವಳು. ಅವಳ ಒಂದೆರಡು ತಿದ್ದುಪಡಿ ನೋಡಿದವಳೇ ನಿರ್ವಾಹಕಿಯಾಗು ಬಾ ಎಂದು ಕರೆದೆ. ಊಟವಿಲ್ಲ, ಉಡಿಯಿಲ್ಲ. ಕ್ಯಾಂಟೀನಿನಲ್ಲಿ ಕೂತು, ಯಾವುದು ಎಲ್ಲಿದೆ, ಎಲ್ಲಿ ಎಡವಬಹುದು ಎಂದು ತೋರಿಸಿ ನಮ್ಮ ಆವೃತ್ತಿಯ ಕೀಲಿ ಕೊಟ್ಟೆ.

"ಈಗಲೇ ಕೊಡ್ತೀರಾ ಅಕ್ಕಾ? ಏನಾದ್ರೂ ಕೆಡಿಸಿಬಿಟ್ರೆ?"

"ಕೆಡಿಸಿದ್ರ ನೀನಽ ಸರಿ ಮಾಡು" ಎಂದೆ.

ಕೆಡಿಸಿದಳು! ಅವಳು ಹೊರಬಿಟ್ಟ ಮೊದಲ ಆವೃತ್ತಿಗೆ ಬಾಯೇ ಬರಲಿಲ್ಲ. ಸಂಜೆಯಿಂದ ಯಾರ ಮನೆಯಲ್ಲೂ ಒಂದಕ್ಷರ ಸದ್ದಿಲ್ಲ, ಮೌಶಿಯ ಕೋಣೆಯಲ್ಲೂ ಇಲ್ಲ. ನಾನು ಹಲ್ಲು ಕಡಿದೆ, ಫೋನಿನಲ್ಲಿ ರೇಗಿದೆ, ಆದರೆ ಕೀಲಿ ಕಿತ್ತುಕೊಳ್ಳಲಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ಅವಳೇ ಸರಿಪಡಿಸಿ ಎಲ್ಲರ ಕ್ಷಮೆ ಕೇಳಿದ್ದಳು.

ಆಗಲೇ ಹಿರಿಯರ ಫೋನ್ ಬಂತು. ದನಿಯಲ್ಲಿ ಬೆಲ್ಲ.

"ಈಗ ತಿಳೀತಲ್ರಿ, ನಾ ಯಾಕ ಯಾರಿಗೂ ಕೀಲಿ ಕೊಡೂದಿಲ್ಲಂತ?"

"ತಿಳೀತ್ರಿ" ಎಂದೆ. "ನಮ್ಮದು ನಿನ್ನಿ ಸಂಜೀಕ ಕೆಟ್ಟಿತ್ತು, ಇವತ್ತ ಮುಂಜಾನಿ ನೆಟ್ಟಗಾತು. ನಿಮ್ಮದು ಇನ್ನೂ ಕೆಟ್ಟಽ ಐತಿ."

ಅವರು ಏನೋ ಹೇಳಹೊರಟರು. ನನಗೆ ಕೇಳಿಸಲಿಲ್ಲ. ಒಳಕೋಣೆಯಲ್ಲಿ ಮೌಶಿ ಸದ್ದು ಜೋರು ಮಾಡಿಕೊಂಡು, ಹಿಂದಿನ ಸಂಜೆ ನಿಂತಿದ್ದ ಕಥೆಯ ಉಳಿದರ್ಧ ಕೇಳುತ್ತಿದ್ದಳು.