ಅಜ್ಜನ ಗುಳಿಗೆ, ಮೊಮ್ಮಗನ ಚೀಟಿ

ಚೀಟಿಯ ಮೇಲಿದ್ದದ್ದು ನನ್ನ ಮಗನ ಹೆಸರು. ಚೀಲದೊಳಗಿದ್ದದ್ದು ನನ್ನ ಮಾವನವರ ಶುಗರ್ ಗುಳಿಗೆ.

ಮಗನಿಗೆ ಏಳು ವರ್ಷ. ಅವನಿಗೆ ಬಂದದ್ದು ಬರೀ ಜ್ವರ. ಕಳೆದ ಗುರುವಾರ ಮಧ್ಯಾಹ್ನ ಆ ಗುಳಿಗೆಗಳನ್ನು ಕೈಯಲ್ಲಿ ಹಿಡಿದು ನಿಂತಾಗ ನನ್ನ ಬಾಯಿಂದ ಹೊರಟದ್ದು ಒಂದೇ ಮಾತು. “ಅತ್ತೀ, ಇದನ್ನ ಕೊಟ್ಟೀರೇನ್ರಿ ಅವಗ?”

ಅತ್ತೆ ಅಡುಗೆಮನೆಯಲ್ಲಿದ್ದರು. 

ಅವರ ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಆ ಚೀಟಿ ಕೊಟ್ಟ ಸಾಫ್ಟ್‌ವೇರನ್ನು ಪಾಸು ಮಾಡಿದವಳು ನಾನೇ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತಲ್ಲ, ಬೈಲಹೊಂಗಲದ ಮನೆಯಲ್ಲೇ ಕುಳಿತು ಸಾಫ್ಟ್‌ವೇರ್ ಟೆಸ್ಟ್ ಮಾಡುವುದು. ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕುವ ಕೆಲಸ. (ಮನೆಯಲ್ಲಿ ಇದನ್ನೇ ಮಾಡಿದರೆ ಕೊಂಕು ತೆಗೆಯುತ್ತಾಳೆ ಅನ್ನುತ್ತಾರೆ, ಅಲ್ಲಿ ಸಂಬಳ ಕೊಡುತ್ತಾರೆ.) ಈ ಸಲ ಬಂದದ್ದು ನಮ್ಮೂರಿನದೇ ಒಂದು ಚಿಕ್ಕ ಆಸ್ಪತ್ರೆಯ ಪ್ರೋಗ್ರಾಂ. ಹೆಸರು ಬರೆಸುವುದರಿಂದ ಹಿಡಿದು ಔಷಧ ಕೊಡುವವರೆಗೆ ಎಲ್ಲ ಅದರಲ್ಲೇ.

ಮೊದಲೆಲ್ಲ ಟೆಸ್ಟ್ ಕೇಸುಗಳನ್ನು, ಅಂದರೆ ‘ಹೀಗಾದರೆ ಹೇಗೆ’ ಎಂಬ ಪರೀಕ್ಷೆಗಳನ್ನು, ನಾವೇ ಕುಳಿತು ಯೋಚಿಸಿ ಬರೆಯುತ್ತಿದ್ದೆವು. ವಾರಗಟ್ಟಲೆ. ಈಗ ನಾನು ಬರೆಯುವುದು ಯೂಸ್ ಕೇಸ್ ಮಾತ್ರ. ಗಾಬರಿಯಾಗಬೇಡಿ. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಕಂಪ್ಯೂಟರ್ ಏನು ಮಾಡಬೇಕು, ಎಡವಟ್ಟಾದರೆ ಮುಂದೇನು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿಡುವುದು, ಅಷ್ಟೇ. ಅದನ್ನು ಒಂದು ಟೂಲಿಗೆ ಕೊಟ್ಟರೆ ಟೆಸ್ಟ್ ಕೇಸುಗಳನ್ನು ಅದೇ ಹುಟ್ಟಿಸುತ್ತದೆ. ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದ್ದರೆ? ಹೆಸರು ಖಾಲಿ ಬಿಟ್ಟರೆ? ಔಷಧ ಮುಗಿದಿದ್ದರೆ? ನಡುವೆ ಕರೆಂಟು ಹೋದರೆ? ನಾನು ಚಹಾ ಕುಡಿದು ಬರುವುದರೊಳಗೆ ಮುನ್ನೂರು ಕೇಸು. ನಡೆಸಿ ನೋಡಿದರೆ ಎಲ್ಲದಕ್ಕೂ ಹಸಿರು ಬಣ್ಣ, ಅಂದರೆ ಪಾಸು.

“ಮೇಡಂ, ಇನ್ನ ನಿಮಗ ಕೆಲಸರೇ ಏನ್ ಉಳೀತ್ರಿ?” ಎಂದು ನಮ್ಮ ಮ್ಯಾನೇಜರ್ ನಕ್ಕ. ನಾನೂ ನಕ್ಕೆ. (ಒಳಗೆ ನಗಲಿಲ್ಲ.) ಹಳೆಯ ರೋಗಿಗಳ ದಾಖಲೆಗಳನ್ನೆಲ್ಲ ತುಂಬಿಕೊಂಡು ಸೋಮವಾರ ಆಸ್ಪತ್ರೆಯಲ್ಲಿ ಪ್ರೋಗ್ರಾಂ ಶುರುವಾಯಿತು.

ಈಗ ನಮ್ಮ ಕಡೆಯ ಪದ್ಧತಿ ಕೇಳಿ. ಅಜ್ಜನ ಹೆಸರು ಮೊಮ್ಮಗನಿಗೆ. ಜೊತೆಗೆ ಅಪ್ಪನ ಹೆಸರು. ನಮ್ಮ ಮಾವ ಬಸಪ್ಪ ರುದ್ರಪ್ಪ. ಅವರ ಮಗ, ಅಂದರೆ ನಮ್ಮ ಮನೆಯವರು, ರುದ್ರಪ್ಪ ಬಸಪ್ಪ. ನನ್ನ ಮಗ ಮತ್ತೆ ಬಸಪ್ಪ ರುದ್ರಪ್ಪ. ಅಡ್ಡಹೆಸರು ಹೇಗೂ ಒಂದೇ. ಎಲ್ಲ ಕಡೆ ಬರೆಸುವ ಮೊಬೈಲ್ ನಂಬರೂ ಒಂದೇ, ಮಾವನವರದು.

ಒಂದೇ ಹೆಸರು, ಒಂದೇ ನಂಬರು, ಇಬ್ಬರು ಮನುಷ್ಯರು. ನನ್ನ ಯೂಸ್ ಕೇಸಿನಲ್ಲಿ ಇದು ಇರಲಿಲ್ಲ. ಹೊಳೆಯಲೇ ಇಲ್ಲ! ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಾಗಾಗಿ ಹೆತ್ತ ಮಗನನ್ನೂ ಅವನ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಹುಟ್ಟಿದಾಗಿನಿಂದ ಅವನು ನಮಗೆಲ್ಲ ‘ಸಾವ್ಕಾರ’. (ಬರೆಯುವುದಕ್ಕೆ ಅಡ್ಡಿಯಿಲ್ಲ ಅಂದುಕೊಂಡು ಇಲ್ಲಿ ಬರೆದಿದ್ದೇನೆ. ಮಾವನವರು ಕನ್ನಡಕ ಹುಡುಕುವಷ್ಟರಲ್ಲಿ ಪತ್ರಿಕೆ ಮಡಚಿಡುತ್ತೇನೆ.)

ಗುರುವಾರ ನಾನು ಮೀಟಿಂಗಿನಲ್ಲಿದ್ದೆ. ಅತ್ತೆಯೇ ಸಾವ್ಕಾರನನ್ನು ಆಸ್ಪತ್ರೆಗೆ ಕರೆದೊಯ್ದರು. ಕೌಂಟರಿನಲ್ಲಿ ಹೆಸರು ಕೇಳಿದ್ದಾರೆ. ಗಂಡನ ಹೆಸರನ್ನು ನಮ್ಮತ್ತೆ ಹೇಳಿಯಾರೇ? “ನಂಬರ್ ಹಾಕ್ರಿ, ಅದರಾಗ ಬರತೈತಿ” ಅಂದಿದ್ದಾರೆ. ಬಂತು. “ಇದ ಹೆಸರಲ್ರೀ ಅಮ್ಮಾರ?” ಎಂದು ಕೌಂಟರಿನವನು ಓದಿ ಹೇಳಿದ್ದಾನೆ. ಅತ್ತೆ ತಲೆ ಆಡಿಸಿದ್ದಾರೆ. ಸುಳ್ಳೇನಲ್ಲವಲ್ಲ! ಡಾಕ್ಟರು ಹುಡುಗನನ್ನು ನೋಡಿ ಜ್ವರದ ಸಿರಪ್ ಬರೆದರು. ಪ್ರೋಗ್ರಾಂ ಅದನ್ನು ಅಜ್ಜನ ದಾಖಲೆಗೆ ಸೇರಿಸಿ, ಅವರ ತಿಂಗಳ ಗುಳಿಗೆಯನ್ನೂ ಅದೇ ಚೀಟಿಯಲ್ಲಿ ಕೊಡಿಸಿತು. ಎಲ್ಲ ನಾನು ಬರೆದ ಹಾಗೆಯೇ ನಡೆದಿತ್ತು.

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. “ಊಟಾದ ಮ್ಯಾಲ ಕೊಡ್ರಿ ಅಂದಾರ. ನಿನ್ನ ಮಗ ಎಲ್ಲಿ ಉಂಡಾನ? ಬಾಯಿ ಕಹಿ ಆಗೇತಿ ಅಂತ ತುತ್ತ ಮುಟ್ಟಿಲ್ಲ.”

ಕೊಟ್ಟಿಲ್ಲ! ಊಟ ಬಿಟ್ಟದ್ದಕ್ಕೆ ಮಗನನ್ನು ಬೈಯದೆ ಅಪ್ಪಿಕೊಂಡದ್ದು ಅದೇ ಮೊದಲು.

ಆದರೆ ಸೋಮವಾರದಿಂದ ಗುರುವಾರ? ನಾಲ್ಕು ದಿನ ಆ ಕೌಂಟರಿನಲ್ಲಿ ಎಷ್ಟು ಅಜ್ಜಂದಿರು, ಎಷ್ಟು ಮೊಮ್ಮಕ್ಕಳು? ಆಸ್ಪತ್ರೆಗೆ ಫೋನ್ ಮಾಡಿ, ಪ್ರೋಗ್ರಾಂ ನಿಲ್ಲಿಸಿ, ಕಾಗದದ ಮೇಲೆ ಬರೆಯಿರಿ ಅಂದೆ. “ಅಕ್ಕಾರ, ಈ ಕಡೆ ಮನಿಮನ್ಯಾಗ ಅಜ್ಜನ ಹೆಸರ ಇಟ್ಟಿರತಾರಲ್ರೀ” ಎಂದ, ಔಷಧ ಕೊಡುವವ.

ಆ ನಾಲ್ಕು ದಿನದ ಚೀಟಿಗಳನ್ನೆಲ್ಲ ತೆಗೆಸಿ, ಸುತ್ತಲಿನ ಹಳ್ಳಿಗಳಲ್ಲಿ ಸಂಶಯ ಬಂದ ಮನೆಗಳಿಗೆ ನಾನೂ ಅವನೂ ಫೋನ್ ಹಚ್ಚಿದೆವು. ಸಿರಸಂಗಿಯವರದು ಸರಿಯಿತ್ತು. ದೊಡವಾಡದವರದೂ ಸರಿಯಿತ್ತು. ಚಚಡಿಯ ಒಂದು ಮನೆಯವರು ಎತ್ತಲೇ ಇಲ್ಲ. ಐದು ಸಲ, ಹತ್ತು ಸಲ. ಒಂದೊಂದು ರಿಂಗಿಗೂ ನಾನು ಮನಸ್ಸಿನಲ್ಲೇ ಆ ಕಾಣದ ಹುಡುಗನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಸಂಜೆಯ ಹೊತ್ತಿಗೆ ಒಬ್ಬ ಹೆಣ್ಣುಮಗಳು ಎತ್ತಿದಳು. “ಹೊಲದಾಗ ಇದ್ವಿರೀ. ಆ ಗುಳಗಿ ನಮ್ಮ ಮಾವ್ನಾರು ತಗೋಳೂದು ಅಂತ ಗುರ್ತ ಹಿಡದ, ಬಾಜೂಕ ಇಟ್ಟೇನ್ರಿ” ಎಂದಳು. ಅವಳು ಟೆಸ್ಟ್ ಪಾಸು. ನಾನು ಫೇಲು.

ಮರುದಿನ ಯೂಸ್ ಕೇಸಿಗೆ ಒಂದು ಸಾಲು ಸೇರಿಸಿದೆ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಇರಬಹುದು, ವಯಸ್ಸು ಕೇಳದೆ ಮುಂದೆ ಹೋಗಬಾರದು. ಟೂಲು ತಕ್ಷಣ ನಲವತ್ತು ಹೊಸ ಕೇಸು ಸುರಿಯಿತು. ಒಂದೂ ತಪ್ಪಿಲ್ಲ. ಹೇಳಿದ್ದನ್ನು ಅದು ಬಿಡುವುದೇ ಇಲ್ಲ. ಆದರೆ ನಾನು ಹೇಳದೆ ಬಿಟ್ಟದ್ದು? ಇನ್ನೂ ಎಷ್ಟು ಸಾಲು ಬಿಟ್ಟಿದ್ದೇನೋ ಎಂಬ ದಿಗಿಲು ಹೋಗಿಲ್ಲ. ಈಗ ಹಸಿರು ಬಣ್ಣ ಕಂಡರೇ ಭಯ.

ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಮಷೀನಿಗೆ ನಮ್ಮ ಪದ್ಧತಿ ಹೇಗೆ ಗೊತ್ತಾಗಬೇಕು ಹೇಳಿ, ಎಂದು ಸಮಜಾಯಿಷಿಯನ್ನೂ ಕೊಟ್ಟೆ. ಅವರು ಬಡಿಯುವ ಕೈ ನಿಲ್ಲಿಸಲಿಲ್ಲ.

“ಮಷೀನ್ ಹೊರಗಿಂದು. ನೀ ಈ ಮನಿಯಾಕಿ ಅಲ್ಲೇನವಾ?”